ಖಾದರ್ ಸಾಹೇಬರಿಗೆ ನಾನು ಹಚ್ಚಿದ ಗಡ್ಡ

ನಾಲ್ಕನೇ ತರಗತಿಯ ಪಠ್ಯಪುಸ್ತಕದಲ್ಲಿರುವ ಆ ಗಡ್ಡ ಬರೆದದ್ದು ನಾನೇ. ಪುಸ್ತಕದ ಕಮಿಟಿಯವರಲ್ಲ, ಪ್ರೆಸ್ಸಿನವರಲ್ಲ — ನಾನು, ನನ್ನ ಮನೆಯಲ್ಲಿ ಕೂತು, ಯಾರೂ ಹೇಳದೆ ಬರೆದದ್ದು. ಇಷ್ಟು ವರ್ಷ ಬೇರೆ ಮಾತು ಹೇಳಿಕೊಂಡು ಬಂದೆ. ಅದು ಸುಳ್ಳು.

ಹೈದರಾಬಾದಿನ ಒಂದು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ನಾನು ಚಿತ್ರಕಲೆ ಮಾಸ್ತರ. ಗಣಿತ ಕಲಿಸುತ್ತಿದ್ದವರು ಖಾದರ್ ಸಾಹೇಬರು. ಇಬ್ಬರೂ ಬೀದರ್ ಕಡೆಯವರು. ಸ್ಟಾಫ್ ರೂಮಿನಲ್ಲಿ ನಮ್ಮ ಕುರ್ಚಿಗಳು ಅಕ್ಕಪಕ್ಕ. ಸಾಹೇಬರದು ಒಂದೇ ಶೋಕಿ — ದಿನಾ ನುಣ್ಣಗೆ ದಾಡಿ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಬರಬೇಕು. ಗಡ್ಡ ಇದ್ದದ್ದು ನನಗೆ. "ಮಾಸ್ತರ, ಬ್ರಷ್ ಸವೆದರ ಚಿಂತಿ ಮಾಡಬ್ಯಾಡ್ರಿ, ಗಲ್ಲದ ಮ್ಯಾಲ ಸ್ಟಾಕ್ ಭಾಳ ಐತಿ ನಿಮ್ಮದು" ಅಂತ ನಗಿಸುವರು.

'ನಮ್ಮ ಹಬ್ಬಗಳು' ಎಂಬ ಪಾಠಕ್ಕೆ ಚಿತ್ರ ಬರೆಯುವ ಕೆಲಸ ನನಗೆ ಬಂತು. ರಂಜಾನ್ ಹಬ್ಬಕ್ಕೆ ಬೇರೆ ಯಾರ ಮುಖ ಹುಡುಕಲಿ? ಪ್ರತಿ ವರ್ಷ ನಾನು ಹಬ್ಬದ ಶಾವಿಗೆ ಪಾಯಸ, ಸುರಕುಂಬಾ, ಕುಡಿಯುವುದು ಸಾಹೇಬರ ಮನೆಯಲ್ಲೇ. ಅಲ್ಲೇ ಅವರನ್ನು ಕಿಟಕಿಯ ಬದಿಗೆ ಕೂಡಿಸಿದೆ. ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಬಟ್ಟಲಿಗೆ ಸುರಕುಂಬಾ ಹಾಕುತ್ತಿರುವ ಕೈ. ಒಂದು ತಾಸು ಅಲುಗಾಡದೆ ಕೂತರು. ಮುಗಿದ ಮೇಲೆ ನೋಡಿ, "ಅರೇ, ಹೂಬಹೂ ನಾನೇ!" ಅಂದರು. ಮೊಮ್ಮಗಳು ಆಯೇಶಾಳನ್ನು ಕರೆದು, "ನೋಡು ಬೇಟಾ, ನಿನ್ನ ನಾನಾ ಪುಸ್ತಕದಾಗ ಬರ್ತಾನ!"

ಮನೆಗೆ ಬಂದು ಚಿತ್ರ ಮತ್ತೆ ನೋಡಿದೆ. ಚೆನ್ನಾಗಿತ್ತು. ಆದರೆ — ಇದು ರಂಜಾನ್ ಅಂತ ಮಕ್ಕಳಿಗೆ ಹೇಗೆ ತಿಳಿಯಬೇಕು? ಯಾರೋ ಪಾಯಸ ಬಡಿಸುತ್ತಿರುವ ಹಾಗಿದೆ. ನಮ್ಮವರ ಹಾಗೇ ಕಾಣುತ್ತಾರೆ… ಆ 'ನಮ್ಮವರ ಹಾಗೇ' ಎಂಬುದು ನನ್ನ ಕಣ್ಣಿಗೆ ಕೊರತೆಯಾಗಿ ಕಂಡಿತು. ಪೆನ್ಸಿಲ್ ಗೆರೆಗಳ ಮೇಲೆ ಇಂಕಿನಲ್ಲಿ ಎದೆಯವರೆಗೆ ಗಡ್ಡ ಇಳಿಸಿದೆ. ಟೊಪ್ಪಿಗೆ ಇಟ್ಟೆ, ಕಣ್ಣಿಗೆ ಸುರ್ಮಾ ಎಳೆದೆ. ಜೇಬಿನ ಪೆನ್ನುಗಳು ಗಡ್ಡದಡಿ ಮುಚ್ಚಿಹೋದವು. ದೀಪಾವಳಿ ಚಿತ್ರಕ್ಕೆ ಕನ್ನಡಿ ನೋಡಿ ನನ್ನನ್ನೇ ಬರೆದುಕೊಂಡೆ — ಗಡ್ಡ ಮಾತ್ರ ಇಲ್ಲದೆ.

ಪುಸ್ತಕ ಬಂತು. ನಮ್ಮ ಶಾಲೆಯಲ್ಲೇ ಓದುತ್ತಿದ್ದ ಆಯೇಶಾ ಗೆಳತಿಯರಿಗೆಲ್ಲ ಆ ಪುಟ ತೆಗೆದು ತೋರಿಸಿದಳು. ಒಬ್ಬಳು ಅಂದಳಂತೆ: "ಸುಳ್ಳ ಹೇಳಬ್ಯಾಡ. ನಿಮ್ಮ ನಾನಾಗ ಗಡ್ಡ ಎಲ್ಲೈತಿ? ಅವರು ಖರೇ ಮುಸಲ್ಮಾನರಲ್ಲ ಬಿಡು, ಪುಸ್ತಕದಾಗ ನೋಡು."

ಅವತ್ತು ಮಧ್ಯಾಹ್ನ ಸಾಹೇಬರು ಪುಸ್ತಕ ತಂದು ನನ್ನ ಮುಂದಿಟ್ಟರು. "ಮಾಸ್ತರ, ಇವರ‍್ಯಾರ‍್ರಿ?"

ಹೇಳಬಹುದಿತ್ತು. ಆ ಒಂದು ಗಳಿಗೆ ನನ್ನ ಕೈಯಲ್ಲೇ ಇತ್ತು.

"ಕಮಿಟಿಯವರು ಹಾಕಿಸಿದರು, ಸಾಹೇಬರ. ನಾ ಎಷ್ಟು ಹೇಳಿದರೂ ಕೇಳಲಿಲ್ಲ."

ಅವರು ಪುಟ ತಿರುವಿದರು. ದೀಪಾವಳಿಯ ನನ್ನ ಮುಖ ನೋಡಿದರು. "ನಿಮ್ಮ ಮ್ಯಾಲ ಅವರದು ಭಾಳ ಪ್ರೀತಿ ಬಿಡ್ರಿ. ಪುಕ್ಕಟ ದಾಡಿ ಮಾಡಿ ಕಳಿಸ್ಯಾರ." ನಕ್ಕರು. ನಾನೂ ನಕ್ಕೆ — ಆ ನಗು ಇವತ್ತಿಗೂ ನನ್ನ ಹಲ್ಲಿನಲ್ಲಿ ಸಿಕ್ಕಿಕೊಂಡಿದೆ.

ಮುಂದಿನ ತಿಂಗಳು ಗಣಿತ ಪುಸ್ತಕ ತಿದ್ದಿಕೊಡಲು ಅದೇ ಕಮಿಟಿಯಿಂದ ಅವರಿಗೆ ಕರೆ ಬಂತು. ಸರ್ವೀಸಿನುದ್ದಕ್ಕೂ ಅವರು ಕಾದಿದ್ದ ಕೆಲಸ ಅದು; ಪ್ರತಿ ಪಾಠಕ್ಕೂ ತಮ್ಮದೇ ಲೆಕ್ಕಗಳನ್ನು ಬರೆದಿಟ್ಟ ನೋಟುಬುಕ್ಕು ಅವರ ಡೆಸ್ಕಿನಲ್ಲಿತ್ತು. ಹೋಗಲಿಲ್ಲ. "ಕೂಸು ಅಳಕೋತ ಮನಿಗೆ ಬಂದಾಳ್ರಿ. ಮಂದಿಗೆ ಗಡ್ಡ ಹಚ್ಚಿ ನೋಡೋರ ಪುಸ್ತಕ ನಾ ತಿದ್ದೂದಿಲ್ಲ" ಅಂದರು. ಪಕ್ಕದ ಕುರ್ಚಿಯಲ್ಲೇ ನಾನಿದ್ದೆ. ಬಾಯಿ ಬಿಟ್ಟಿದ್ದರೆ… ಬಿಡಲಿಲ್ಲ. ಗಣಿತ ಪುಸ್ತಕ ಅವರ ಕೈ ತಾಗದೆ ಅಚ್ಚಾಯಿತು. ನೋಟುಬುಕ್ಕು ಅವರ ಜೊತೆಗೇ ರಿಟೈರ್ ಆಯಿತು.

ಈಗ ಹಬ್ಬದ ಪಾಠದ ಪುಸ್ತಕ ಮತ್ತೆ ಅಚ್ಚಿಗೆ ಹೋಗುತ್ತಿದೆ. ಚಿತ್ರಗಳನ್ನು ಬದಲಿಸುವುದಿದ್ದರೆ ಬದಲಿಸಿ ಅಂತ ಕಮಿಟಿಯವರು ಅಂದಿದ್ದಾರೆ. ಮೂಲ ಚಿತ್ರ ನನ್ನ ಹತ್ತಿರವೇ ಇದೆ. ಗಡ್ಡ ಕೆರೆದು ಕಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ಬ್ಲೇಡು ಕೈಗೆ ತೆಗೆದುಕೊಂಡೂ ಇದ್ದೆ — ಆಗ ಹೊಳೆಯಿತು, ಅದು ಸಾಹೇಬರನ್ನು ಕೇಳದೆ ಎರಡನೇ ಸಲ ಬರೆದ ಹಾಗೆ. ಬ್ಲೇಡು ಕೆಳಗಿಟ್ಟು, ಕಮಿಟಿಗೆ ಇದ್ದದ್ದು ಇದ್ದ ಹಾಗೆ ಕಾಗದ ಬರೆದು ಕಳಿಸಿದೆ.

ಸಾಹೇಬರು ಈಗ ಇದೇ ಊರಿನ ಮಿಯಾಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ನಿನ್ನೆ ಫೋನ್ ಮಾಡಿದೆ. ಹಬ್ಬದ ಚಿತ್ರದ ವಿಷಯ ಮಾತಾಡುವುದಿದೆ, ನಾಳೆ ಮನೆಯಲ್ಲಿರುತ್ತೀರೇನು ಅಂತ ಕೇಳಿದೆ.

"ಎಲ್ಲಿ ಹೋಗ್ಲಿ ಮಾಸ್ತರ, ಬರ‍್ರಿ ಬರ‍್ರಿ! ದಾಡಿ ಮಾಡ್ಕೊಂಡು ಕೂತಿರ‍್ತೀನಿ."

ಮತ್ತೆ ಚಿತ್ರಕ್ಕೆ ಕೂಡಬೇಕು ಅಂತ ತಿಳಿದಿದ್ದಾರೆ. ಇವತ್ತು ಹೊರಟಿದ್ದೇನೆ. ಚೀಲದಲ್ಲಿ ಆ ಹಳೆಯ ಚಿತ್ರ ಇದೆ, ಒಂದು ಖಾಲಿ ಹಾಳೆ ಇದೆ. ಮೊದಲು ಹಳೆಯದನ್ನು ಅವರ ಮುಂದಿಟ್ಟು, ಈ ಗಡ್ಡ ನನ್ನದು ಸಾಹೇಬರ, ಅನ್ನುತ್ತೇನೆ. ಖಾಲಿ ಹಾಳೆ ಹೊರಗೆ ತೆಗೆಯಬೇಕೋ ಬೇಡವೋ ಅವರು ಹೇಳಲಿ.