ಬಿಗಿಯಣ್ಣ ಬಿಗಿದ ಚಕ್ರದ ತಂತಿ

ಬೀದಿಯವರು ಅವನನ್ನು ಬಿಗಿಯಣ್ಣ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಕಾರುಗಳ ವೈರಿಂಗ್ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಪಳಗಿದ ಆ ಶೂರ, ಸಡಿಲವಾಗಿ ಕಂಡದ್ದನ್ನು ಹಾಗೇ ಬಿಟ್ಟವನಲ್ಲ. ಎಲ್ಲಾದರೂ ತಂತಿ ಜೋತಾಡುತ್ತಿದ್ದರೆ ಸಾಕು, ಸೊಂಟದಿಂದ ತಂತಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯನ್ನು ಕತ್ತಿಯಂತೆ ಹಿರಿದು, ಸುತ್ತಿ, ಸರ್ರನೆ ಎಳೆದು ಬಿಗಿದು, "ಇನ್ನು ಇದರಪ್ಪ ಬಂದರೂ ಅಲ್ಲಾಡಲ್ಲ" ಎನ್ನುವನು. ಮನೆಯಲ್ಲೂ ಅದೇ ಆಡಳಿತ. ಛತ್ರಿಗೆ ಪಟ್ಟಿ, ಪೊರಕೆಗೆ ಪಟ್ಟಿ, ಫ್ಯಾನಿನ ವೈರಿಗಂತೂ ನಾಲ್ಕು. "ನನ್ನ ಬಾಯಿಗೊಂದು ಬಾಕಿ ಇದೆ, ಪಾಪ, ಧೈರ್ಯ ಸಾಲದು" ಎಂದು ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಒಂದು ಬೆಳಿಗ್ಗೆ ಅವನ ಅತ್ತಿಗೆ ತನ್ನ ಪುಟ್ಟ ಕಾರನ್ನು ಅವನ ರಿಪೇರಿ ಶೆಡ್ಡಿಗೆ ತಂದಳು. ಡ್ರೈವಿಂಗ್ ಕಲಿಸುವುದು ಆಕೆಯ ಕಸುಬು. ಪಕ್ಕದ ಸೀಟಿನಿಂದ ಇಳಿದವರು ಆಕೆಯ ಶಿಷ್ಯ, ಅರವತ್ತು ದಾಟಿದ ಟೈಲರ್ ತಾತ. ಅಂದು ಮಧ್ಯಾಹ್ನ ಮೂರಕ್ಕೆ ಅವರ ಲೈಸೆನ್ಸ್ ಪರೀಕ್ಷೆ. ಮಂಡಿ ನೋವಿನ ಹೆಂಡತಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗದು, ಆಸ್ಪತ್ರೆಗೆ ತಾನೇ ಕರೆದೊಯ್ಯಬೇಕು ಎಂದು ಈ ವಯಸ್ಸಿನಲ್ಲಿ ಸ್ಟೀರಿಂಗ್ ಹಿಡಿದಿದ್ದರು.

"ನಿನ್ನೆ ಫುಟ್‌ಪಾತ್ ಮೇಲೆ ಹತ್ತಿಸಿದರು ಕಣೋ. ಇವತ್ತು ನೋಡು, ಬ್ರೇಕಿನ ಹಳದಿ ಎಬಿಎಸ್ ದೀಪ ಆರ್ತಾನೇ ಇಲ್ಲ. ಕಾರು ಮುರಿಯೋರನ್ನ ಪರೀಕ್ಷೆಗೆ ಕಳಿಸಲ್ಲ ನಾನು" ಎಂದಳು ಅತ್ತಿಗೆ.

"ಹತ್ತಿಸಿದ್ದು ಹೌದು ತಾಯಿ," ಎಂದರು ತಾತ, "ಆದರೆ ಮೆಲ್ಲಗೆ."

ಬಿಗಿಯಣ್ಣ ಸ್ಕ್ಯಾನರ್ ಚುಚ್ಚಿದ. ಎಡ ಮುಂಚಕ್ರದ ವೇಗ ಅಳೆಯುವ ಸೆನ್ಸರಿನಲ್ಲಿ ದೋಷ ಎಂದಿತು ಅದು. ಕಾರನ್ನು ಜಾಕಿಯ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ರಣರಂಗಕ್ಕೆ ಇಳಿಯುವವನಂತೆ ಅಂಗಾತ ಜಾರಿದ. "ಇಲಿ ಅತ್ತಿಗೆ, ಇಲಿ!" ಎಂದು ಅಡಿಯಿಂದಲೇ ಘೋಷಿಸಿದ. ನೋಡುವ ಮೊದಲೇ ತೀರ್ಪು ಕೊಡುವುದು ಅವನ ಇನ್ನೊಂದು ಗುಣ.

ಆದರೆ ತಂತಿಯ ಮೇಲೆ ಹಲ್ಲಿನ ಗುರುತಿಲ್ಲ, ಸಿಪ್ಪೆ ಕಿತ್ತಿಲ್ಲ. ಮೀಟರ್ ಹಿಡಿದರೆ, ತಂತಿ ಕಡಿದಿಲ್ಲ ಎಂದು ಬೀಪ್ ಅನ್ನುತ್ತದೆ. ಚಕ್ರವನ್ನು ಬಲಕ್ಕೆ ಪೂರ್ತಿ ತಿರುಗಿಸಿದರೆ ಬಾಯಿ ಮುಚ್ಚುತ್ತದೆ. ಮೂರು ಸಲ ಹಾಗೇ ಆಯಿತು.

ತಾತ ಕನ್ನಡಕ ಏರಿಸಿ ಬಗ್ಗಿದರು. "ಮಗಾ, ಇದು ಕಂಕುಳಲ್ಲಿ ಹಿಡಿದಿದೆ. ತೋಳಿಗೆ ಸ್ವಲ್ಪ ಬಟ್ಟೆ ಬಿಡದೆ ಹೊಲಿದರೆ, ಗಿರಾಕಿ ಕೈ ಎತ್ತಿದಾಗ ಹರಿಯುತ್ತೆ."

ಬಿಗಿಯಣ್ಣ ನೋಡಿದ. ಚಕ್ರ ತಿರುಗಿದಾಗ ತಂತಿ ವೀಣೆಯ ತಂತಿಯಂತೆ ಸೆಟೆಯುತ್ತಿತ್ತು. ಅದನ್ನು ಅಲ್ಲಿ ಹಿಡಿದಿದ್ದದ್ದು ಒಂದು ಕಪ್ಪು ಪಟ್ಟಿ, ತುದಿ ಓರೆಯಾಗಿ ಕತ್ತರಿಸಿದ್ದು. ಊರಿನಲ್ಲಿ ಹಾಗೆ ಕತ್ತರಿಸುವವನು ಒಬ್ಬನೇ. ಹೋದ ತಿಂಗಳು ಆಯಿಲ್ ಬದಲಿಸಲು ಬಂದ ಇದೇ ಕಾರಿಗೆ, ಯಾರೂ ಕೇಳದಿದ್ದರೂ, ಪುಕ್ಕಟೆ ಮಾಡಿದ ಉಪಕಾರ.

ಪಟ್ಟಿ ಕತ್ತರಿಸಿ ಅಂಗೈಯಲ್ಲಿ ಮುಚ್ಚಿಕೊಂಡ. ಜೇಬಿಗೆ ಹಾಕಿದರೆ ಮುಗಿಯಿತು, ತಪ್ಪು ಫುಟ್‌ಪಾತಿನ ಪಾಲಿಗೆ. ಹೊರಗೆ ತಾತನ ಹಳೆಯ ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು. ಅವು ಹೋಗಲೂ ಇಲ್ಲ, ಅಲ್ಲಾಡಲೂ ಇಲ್ಲ.

ಬಿಗಿಯಣ್ಣ ಹೊರಗೆ ಜಾರಿ ಬಂದ. "ತಾತಂದಲ್ಲ ಅತ್ತಿಗೆ. ನಾನು ಬಿಗಿದದ್ದು. ದಿನಾ ಎಳೆದೆಳೆದು ಒಳಗಿನ ತಾಮ್ರ ಮುರಿದಿದೆ."

"ಇಲಿ ಅಂದೆ?"

"ಇಲಿಗೆ ಇಷ್ಟು ಚಂದ ಕಟ್ಟೋಕೆ ಬರಲ್ಲ."

ಅತ್ತಿಗೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿನ್ನಣ್ಣನಿಗೆ ಇವತ್ತು ಊಟದ ಜೊತೆ ಒಳ್ಳೆ ಕಥೆ ಸಿಕ್ಕಿತು" ಎಂದು ಅಲ್ಲಿಗೇ ಬಿಟ್ಟಳು.

ಅವನು ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು, ಹೊಸ ತಂತಿ ಸೇರಿಸಿ ಬೆಸೆದ. ಎರಡು ಬೆಸುಗೆ ಅಕ್ಕಪಕ್ಕ ಬೀಳದಂತೆ ಹಿಂದುಮುಂದು ಇಟ್ಟ. ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ ನೀರು ಹೋಗದಂತೆ ಮುಚ್ಚಿದ. ತಂತಿಯನ್ನು ಕಾರಿನದೇ ರಬ್ಬರ್ ಕ್ಲಿಪ್ಪಿಗೆ ಸಿಕ್ಕಿಸುವಾಗ ನಾಲ್ಕು ಬೆರಳಷ್ಟು ಸಡಿಲ ಬಿಟ್ಟ. ಬಿಡುವಾಗ ಅವನ ಮುಖ ಹಲ್ಲು ಕೀಳಿಸಿಕೊಳ್ಳುವವನಂತಿತ್ತು. ಚಕ್ರ ಎಡಕ್ಕೂ ಬಲಕ್ಕೂ ತಿರುಗಿತು. ಮೀಟರ್ ಒಮ್ಮೆಯೂ ಸುಮ್ಮನಾಗಲಿಲ್ಲ.

ಅತ್ತಿಗೆ ಕೀಲಿಯನ್ನು ತಾತನ ಕೈಗೆ ಕೊಟ್ಟಳು. "ನೀನು ಹಿಂದೆ ಕೂರೋ" ಎಂದಳು ಮೈದುನನಿಗೆ. ಕಾರು ಎರಡು ಸಲ ಜಿಗಿದು ಹೊರಟಿತು. ಮೊದಲ ತಿರುವು ದಾಟುವಷ್ಟರಲ್ಲಿ ಹಳದಿ ದೀಪ ಆರಿತು.

"ತಾತ, ಮೂರಕ್ಕಲ್ಲ, ಎರಡೂವರೆಗೇ ಬನ್ನಿ," ಎಂದಳು ಅತ್ತಿಗೆ, "ರಿವರ್ಸ್ ಇನ್ನೊಂದು ಸಲ ನೋಡಿಬಿಡೋಣ."