ಮೈಕಮ್ಮನ ಆರೋಹಣ

ನನ್ನ ದೊಡ್ಡಮ್ಮನ ದನಿ ಕೇಳದವರು ನಮ್ಮ ಊರಿನಲ್ಲಿ ಇಲ್ಲ. ಮುಖ ನೋಡಿದವರು ಮಾತ್ರ ಕಡಿಮೆ. ಬಸ್ ನಿಲ್ದಾಣದ ಮಹಡಿಯ ಮೇಲಿನ ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಷ್ಟನೇ ಪ್ಲಾಟ್‌ಫಾರಂಗೆ ಬರುತ್ತದೆ, ಯಾವುದು ಹೊರಡುತ್ತದೆ, ಯಾವುದು ತಡವಾಗಿದೆ ಎಂದು ಹೇಳುವುದು ಅವಳ ಕೆಲಸ. ಡ್ರೈವರುಗಳಿಗೆ, ಕಂಡಕ್ಟರುಗಳಿಗೆ, ಹಣ್ಣಿನ ಗಾಡಿಯವನಿಗೆ, ಎಲ್ಲರಿಗೂ ಅವಳು ಮೈಕಮ್ಮ. ತರಕಾರಿ ಅಂಗಡಿಯಲ್ಲಿ ಅವಳು ಬಾಯಿ ತೆರೆದು “ಅರ್ಧ ಕೆಜಿ ಬೀನ್ಸ್” ಎಂದರೆ ಸಾಕು, ಪಕ್ಕದಲ್ಲಿ ನಿಂತವರು ಬಸ್ಸು ಬಂತೇನೋ ಎಂದು ಕೈಚೀಲ ಎತ್ತಿಕೊಳ್ಳುತ್ತಿದ್ದರು.

ಅವಳು ಕಾಲೇಜು ಸೇರಿದ ಸುದ್ದಿಯನ್ನೂ ನಮಗೆ ಹಾಗೆಯೇ ತಿಳಿಸಿದಳು. ಸಂಜೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ನಡುಮನೆಯಲ್ಲಿ ನಿಂತಳು.

“ಎಲ್ಲರೂ ಗಮನವಿಟ್ಟು ಕೇಳಿ. ನಾನು ಡಿಗ್ರಿ ಕಾಲೇಜಿಗೆ ಸೇರಿದೀನಿ. ನಾನು ಡಿಗ್ರಿ ಕಾಲೇಜಿಗೆ ಸೇರಿದೀನಿ.”

ಯಾವುದನ್ನೂ ಎರಡು ಸಲ ಹೇಳದಿದ್ದರೆ ಅವಳಿಗೆ ಹೇಳಿದಂತೆ ಅನ್ನಿಸುವುದಿಲ್ಲ. ದೊಡ್ಡಪ್ಪನದು ಬೀಗ ರಿಪೇರಿಯ ಅಂಗಡಿ. ಅಂಗಡಿಯಲ್ಲಿ ಮುಗಿಯದ ಬೀಗಗಳನ್ನು ಮನೆಗೆ ತಂದು ಉಜ್ಜುತ್ತಾ ಕೂರುವುದು ಅವರ ರೂಢಿ. ಅರ ಹಿಡಿದ ಕೈ ನಿಲ್ಲಿಸಿ ಕೇಳಿದರು:

“ಯಾವ ಕಾಲೇಜೇ?”

“ಇವಳದೇ.”

ಇವಳು ಎಂದರೆ ಅವರ ಮಗಳು, ಅವರ ಮನೆಯಲ್ಲೇ ಇದ್ದ ನನಗೆ ಅಕ್ಕ. ಅದೇ ಕಾಲೇಜಿನಲ್ಲಿ ಎರಡನೇ ವರ್ಷ. ಕುಡಿಯುತ್ತಿದ್ದ ನೀರು ಅಕ್ಕನ ಮೂಗಿಗೆ ಹತ್ತಿತು.

“ಅಂದ್ರೆ ಮಗಳು ಸೀನಿಯರ್ರು, ಅಮ್ಮ ಜೂನಿಯರ್ರು!” ದೊಡ್ಡಪ್ಪ ಬೀಗವನ್ನು ತೊಡೆಯ ಮೇಲೆ ಬೀಳಿಸಿಕೊಂಡು ನಕ್ಕರು. “ಪುಟ್ಟೀ, ರ‍್ಯಾಗಿಂಗ್ ಮಾಡೋದಿದ್ರೆ ಮನೇಲೇ ಮಾಡಿ ಮುಗಿಸ್ಬಿಡಮ್ಮ. ಅಲ್ಲಿ ಬೇಡ.”

“ನಗ್ಬೇಡಿಪ್ಪಾ!” ಅಕ್ಕನಿಗೆ ಅಳು ಬರುವುದೊಂದು ಬಾಕಿ. “ಅಮ್ಮಾ, ಈಗಲೇ ಹೇಳಿರ್ತೀನಿ. ಕಾಲೇಜಲ್ಲಿ ನೀನು ಯಾರೋ, ನಾನು ಯಾರೋ. ಪುಟ್ಟಿ ಅಂತ ಕೂಗ್ಬಾರ್ದು. ಊಟ ಆಯ್ತಾ ಅಂತ ಕೇಳ್ಬಾರ್ದು. ಕರ್ಚೀಫಿಗೆ ಉಗುಳು ಹಚ್ಚಿ ನನ್ನ ಮುಖ ಒರೆಸ್ಲೇಬಾರ್ದು.”

“ಅದೊಂದು ಸಲ ಮಾಡಿದ್ದು ಕಣೇ, ನೀನು ಮೂರನೇ ಕ್ಲಾಸಿನಲ್ಲಿದ್ದಾಗ!”

“ಬಾರ್ದು ಅಂದ್ರೆ ಬಾರ್ದು.”

“ಆಯ್ತು ಸೀನಿಯರ್” ಎಂದಳು ದೊಡ್ಡಮ್ಮ, ಶಾಲೆಯ ಹುಡುಗಿಯ ಹಾಗೆ ಕೈಕಟ್ಟಿಕೊಂಡು. ಆಮೇಲೆ ತಡೆಯಲಾಗದೆ ಅವಳೂ ನಕ್ಕಳು.

ಅವಳು ಆರಿಸಿಕೊಂಡದ್ದು ಕನ್ನಡ, ಇತಿಹಾಸ ಮತ್ತು ಸಂಗೀತ. ಸಂಗೀತ ಯಾಕೆ ಎಂದು ದೊಡ್ಡಪ್ಪ ಕೇಳಿದಾಗ, “ಇಷ್ಟು ವರ್ಷ ಈ ಗಂಟಲು ಬೇರೆಯವರ ಬಸ್ಸಿಗೇ ಆಯ್ತು. ನನಗೂ ಅಂತ ಒಂದು ಹಾಡಿರ್ಲಿ” ಎಂದಳು.

ತೊಡಕು ಇದ್ದದ್ದು ಪಾಳಿಯದು. ಕಾಲೇಜು ಬೆಳಿಗ್ಗೆ. ಅವಳದೂ ಬೆಳಗಿನ ಪಾಳಿ. ನಿಲ್ದಾಣದ ಕಂಟ್ರೋಲರ್ ದಪ್ಪ ಮೀಸೆಯ, ಸಣ್ಣ ದನಿಯ ಮನುಷ್ಯ. ಬಹಳ ಯೋಚಿಸಿ ಅವಳಿಗೆ ಮಧ್ಯಾಹ್ನದ ಪಾಳಿ ಕೊಟ್ಟರು, ಒಂದು ಷರತ್ತು ಹಾಕಿ.

“ನೋಡಮ್ಮಾ, ಬೆಳಿಗ್ಗೆ ಮೈಕಿಗೆ ಆ ಟಿಕೆಟ್ ಕೌಂಟರಿನವನನ್ನ ಕೂರಿಸ್ಬೇಕು. ಅವನ ದನಿ ಕೇಳಿದ್ರೆ ಯಾರೋ ತೀರ್ಕೊಂಡ್ರೇನೋ ಅಂತ ಜನ ಗಾಬರಿ ಬೀಳ್ತಾರೆ. ಒಂದು ವರ್ಷ ತಡ್ಕೋತೀನಿ. ಪಾಸಾದ್ರೆ ಮುಂದಿನ ವರ್ಷಾನೂ ಮಧ್ಯಾಹ್ನವೇ ನಿಂದು. ಒಂದೇ ಒಂದು ಸಬ್ಜೆಕ್ಟ್ ಹೋದ್ರೂ ಮತ್ತೆ ಬೆಳಗಿನ ಪಾಳಿ. ಆಮೇಲೆ ಅಳ್ಬಾರ್ದು.”

ಬೆಳಗಿನ ಪಾಳಿ ಎಂದರೆ ಕಾಲೇಜು ಮುಗಿದಂತೆ. ಹುಡುಗಿಯಾಗಿದ್ದಾಗ, ತಾತ ಹಾಸಿಗೆ ಹಿಡಿದ ವರ್ಷ, ದೊಡ್ಡಮ್ಮ ಒಮ್ಮೆ ಕಾಲೇಜು ಬಿಟ್ಟಿದ್ದಳು. “ಇನ್ನೊಂದು ಸಲ ಬಿಟ್ರೆ ಮತ್ತೆ ಆ ಗೇಟ್ ಹೊಕ್ಕೋ ಧೈರ್ಯ ಬರಲ್ಲ ನನಗೆ” ಎಂದು ಸೌತೆಕಾಯಿ ಹೆಚ್ಚುತ್ತಾ ನನ್ನ ಹತ್ತಿರವಷ್ಟೇ ಹೇಳಿದಳು. ಅದನ್ನು ಮಾತ್ರ ಒಂದೇ ಸಲ ಹೇಳಿದಳು.

ಕನ್ನಡ, ಇತಿಹಾಸ ಎರಡೂ ಅವಳಿಗೆ ನೀರು ಕುಡಿದಷ್ಟು ಸಲೀಸು. ಎಡವಟ್ಟಾದದ್ದು ಸಂಗೀತದಲ್ಲಿ.

ಸಂಗೀತದ ಕೋಣೆ ಕಾಲೇಜಿನ ಹಿಂಭಾಗದಲ್ಲಿ, ಸೈಕಲ್ ನಿಲ್ಲಿಸುವ ಜಾಗದ ಪಕ್ಕ. ಒಂದು ಚಾಪೆ, ಕೀಲಿಯೊಂದು ಕಿತ್ತುಹೋದ ಹಾರ್ಮೋನಿಯಂ, ಬಣ್ಣ ಮಾಸಿದ ಪರದೆ. ಕಲಿಸುವ ಮೇಡಂ ದೊಡ್ಡಮ್ಮನಿಗಿಂತ ತುಂಬಾ ಚಿಕ್ಕವರು, ಮಾತು ಮೆಲ್ಲಗೆ. ಮೊದಲ ದಿನ ಹಾರ್ಮೋನಿಯಂ ಒತ್ತಿ, “ಎಲ್ಲಿ, ಸಾ ಅನ್ನಿ ಅಮ್ಮಾ” ಎಂದರು.

ದೊಡ್ಡಮ್ಮ ಉಸಿರು ತೆಗೆದುಕೊಂಡಳು. ಬಲಗೈ ಹೆಬ್ಬೆರಳಿನಿಂದ ಚಾಪೆ ಒತ್ತಿದಳು. ದನಿ ಬರಲಿಲ್ಲ. ಇನ್ನೊಂದು ಕಡೆ ಒತ್ತಿದಳು. ಬರಲಿಲ್ಲ.

“ಏನು ಹುಡುಕ್ತಿದೀರಿ?”

“ಬಟನ್ನು ಮೇಡಂ.”

ಮೈಕಿನ ಗುಂಡಿ ಒತ್ತಿದ ಮೇಲೆಯೇ ಮಾತಾಡಿ ರೂಢಿಯಾದ ಗಂಟಲು, ಗುಂಡಿ ಇಲ್ಲದೆ ಹಾಡಲು ಒಪ್ಪಲಿಲ್ಲ. ಕೊನೆಗೆ ಮೇಡಂ ತಮ್ಮ ಪೆನ್ನಿನ ಮುಚ್ಚಳವನ್ನು ಅವಳ ಮುಂದೆ ಇಟ್ಟರು. ಅದನ್ನು ಒತ್ತಿ ಅವಳು ಹಾಡಿದಳು: “ಸಾ. ಸಾ.”

“ಒಂದು ಸಲ ಸಾಕಮ್ಮಾ.”

“ಒಂದೇ ಸಲ ಹೇಳಿದ್ರೆ ಜನಕ್ಕೆ ಕೇಳ್ಸಲ್ಲ ಮೇಡಂ.”

“ಇಲ್ಲಿ ಜನ ಅಂದ್ರೆ ನಾನೊಬ್ಬಳೇ.”

ಇದನ್ನೆಲ್ಲ ಮನೆಗೆ ಬಂದು ನಮಗೆ ನಟಿಸಿ ತೋರಿಸುವಷ್ಟರಲ್ಲಿ ದೊಡ್ಡಮ್ಮ ನಕ್ಕು ನಕ್ಕು ಗೋಡೆ ಹಿಡಿದುಕೊಂಡಿದ್ದಳು.

ಸ್ವರವನ್ನು ಎರಡು ಸಲ ಹೇಳುವ ಚಟ ನಿಧಾನವಾಗಿ ಹೋಯಿತು. ಹೋಗದೆ ಉಳಿದದ್ದು ಒಂದು. ಸ್ವರಗಳನ್ನು ಕೆಳಗಿನ ಸಾ ಇಂದ ಮೇಲಿನ ಸಾ ವರೆಗೆ ಹಾಡುವುದು ಆರೋಹಣ, ಅಂದರೆ ಹತ್ತುವುದು. ಮೇಲಿನಿಂದ ಕೆಳಗೆ ಹಾಡುವುದು ಅವರೋಹಣ, ಅಂದರೆ ಇಳಿಯುವುದು. ಮೊದಲು ಹತ್ತಬೇಕು, ಆಮೇಲೆ ಇಳಿಯಬೇಕು. ದೊಡ್ಡಮ್ಮನದು ಮಾತ್ರ ಯಾವಾಗಲೂ ಮೊದಲು ಇಳಿಯುವುದೇ. ಸೀದಾ ಮೇಲಿನ ಸಾ ಹಿಡಿದು, ಸಾ ನಿ ದ ಪ ಎಂದು ದಡದಡ ಕೆಳಗೆ ಬಂದುಬಿಡುತ್ತಿದ್ದಳು.

ಯಾಕೆಂದು ಮೇಡಂಗೆ ಹೊಳೆಯಲಿಲ್ಲ. ನಮಗೂ ಹೊಳೆದಿರಲಿಲ್ಲ. ಒಂದು ಮಧ್ಯಾಹ್ನ ದೊಡ್ಡಪ್ಪ ನಿಲ್ದಾಣದ ಎದುರು ಚಹಾ ಕುಡಿಯುತ್ತಿದ್ದಾಗ ಬಸ್ಸೊಂದು ಬಂದು ನಿಂತಿತು. ಮೇಲಿನಿಂದ ಹೆಂಡತಿಯ ದನಿ ಕೇಳಿಸಿತು: “ಪ್ರಯಾಣಿಕರೇ, ಇಳಿಯುವವರು ಮೊದಲು ಇಳಿಯಲಿ. ಹತ್ತುವವರು ನಂತರ ಹತ್ತಲಿ.” ಎರಡು ಸಲ. ಇನ್ನೊಂದು ಬಸ್ಸು ಬಂತು. ಮತ್ತೆ ಅದೇ ಮಾತು, ಎರಡು ಸಲ. ದೊಡ್ಡಪ್ಪ ಲೋಟ ಅಲ್ಲೇ ಇಟ್ಟು ಮಹಡಿ ಹತ್ತಿದರಂತೆ. ಓಡಿದರು ಎಂದು ಅವರೇ ಹೇಳುತ್ತಾರೆ. ಅವರ ಮಂಡಿ ನೋಡಿದರೆ ಬೇಗ ನಡೆದರು ಎನ್ನುವುದೇ ಸರಿ.

“ಸಿಕ್ತು ಕಣೇ! ನಿನ್ನ ರೋಗದ ಬೇರು ಸಿಕ್ತು!”

ಬೇರು ಸಿಕ್ಕಿತು, ನಿಜ. ಕೀಳುವುದು ಹೇಗೆ? ದಿನಕ್ಕೆ ಅಷ್ಟು ಬಸ್ಸು, ಪ್ರತಿ ಬಸ್ಸಿಗೂ ಅದೇ ಮಾತು. ಮನೆಯ ಮೆಟ್ಟಿಲ ಮೇಲೆ ಅಭ್ಯಾಸ ಮಾಡು, ಒಂದೊಂದು ಮೆಟ್ಟಿಲಿಗೆ ಒಂದೊಂದು ಸ್ವರ ಎಂದು ದೊಡ್ಡಪ್ಪ ಉಪಾಯ ಹೇಳಿಕೊಟ್ಟರು. ದೊಡ್ಡಮ್ಮ ಖುಷಿಯಿಂದ ಮೆಟ್ಟಿಲ ಕಡೆ ಹೋಗಿ, ನೆಟ್ಟಗೆ ತುದಿ ಮೆಟ್ಟಿಲಿಗೆ ಹತ್ತಿ ನಿಂತು, ಅಲ್ಲಿಂದ ಶುರು ಮಾಡಿದಳು.

“ಅಮ್ಮಾ, ಕೆಳಗಿಂದ!” ಎಂದು ಅಕ್ಕ ಕೋಣೆಯೊಳಗಿನಿಂದಲೇ ಕಿರುಚಿದಳು.

“ಹತ್ತಿದ್ನಲ್ಲೇ, ಈಗ ಇಳೀತಿದೀನಿ.”

“ಹತ್ತುವಾಗ ಹಾಡ್ಲಿಲ್ಲವಲ್ಲಾ!”

“ಓ! ಹತ್ತುವಾಗ್ಲೂ ಹಾಡ್ಬೇಕಾ?”

ಅವಳು ಬೇಕೆಂದೇ ಕೀಟಲೆ ಮಾಡುತ್ತಿದ್ದಳೋ, ನಿಜವಾಗಿ ಮರೆತಿದ್ದಳೋ, ನನಗೆ ಇಂದಿಗೂ ಗೊತ್ತಿಲ್ಲ. ಆ ತಿಂಗಳುಗಳಲ್ಲಿ ಅವಳಿಗೆ ಯಾವುದಕ್ಕೂ ಬೇಸರ ಅನ್ನುವುದೇ ಇರಲಿಲ್ಲ. ಪಾತ್ರೆ ಬಿದ್ದರೆ “ಗಾ” ಎನ್ನುವಳು. ನಿಲ್ದಾಣದಲ್ಲಿ ಬಸ್ಸುಗಳ ಹಾರ್ನಿಗೂ ಸ್ವರ ಹೇಳತೊಡಗಿದ್ದಳು. ಡ್ರೈವರುಗಳು ಕಿಟಕಿಯ ಕೆಳಗೆ ಬಸ್ಸು ನಿಲ್ಲಿಸಿ, “ಮೈಕಮ್ಮಾ, ನಂದ್ಯಾವುದು?” ಎಂದು ಹಾರ್ನ್ ಒತ್ತಿ ಕೇಳಿಸುತ್ತಿದ್ದರು. ಒಬ್ಬನಿಗೆ, “ನಿಂದು ಸ್ವರ ಅಲ್ಲಪ್ಪಾ, ಕೆಮ್ಮು. ಗ್ಯಾರೇಜಿಗೆ ತೋರಿಸು” ಎಂದಳಂತೆ.

ಪರೀಕ್ಷೆ ಬಂತು. ಬರೆಯುವ ಪರೀಕ್ಷೆಗಳೆಲ್ಲ ಚೆನ್ನಾಗಿ ಆದವು. ಉಳಿದದ್ದು ಸಂಗೀತದ ಪ್ರಾಯೋಗಿಕ ಪರೀಕ್ಷೆ. ಹಾಡಿ ತೋರಿಸಬೇಕು. ಓದು ಬಿಟ್ಟು ಮನೆಯಲ್ಲಿದ್ದ ನನ್ನನ್ನು ಆ ದಿನ ದೊಡ್ಡಮ್ಮ ಜೊತೆಗೆ ಕರೆದುಕೊಂಡು ಹೋದಳು. ಅಕ್ಕನಿಗೆ ಅಂದು ಕ್ಲಾಸಿರಲಿಲ್ಲ. ಆದರೂ ಸೈಕಲ್ಲುಗಳ ಆಚೆ ಗೆಳತಿಯರ ಜೊತೆ ನಿಂತು, ನಮ್ಮನ್ನು ನೋಡಿಯೂ ನೋಡದಂತೆ ಇದ್ದಳು.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಮೇಡಂ ಮತ್ತು ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು. ವಯಸ್ಸಾದವರು, ಮುಖ ಗಂಟಿಕ್ಕಿಕೊಂಡು ಕೂತಿದ್ದರು.

“ಆರೋಹಣ, ಅವರೋಹಣ ಹಾಡಿ.”

ದೊಡ್ಡಮ್ಮನ ಹೆಬ್ಬೆರಳು ಚಾಪೆ ಒತ್ತಿದ್ದು ನನಗೆ ಕಾಣಿಸಿತು. ಆಮೇಲೆ, ದೇವರೇ, ಮೇಲಿನ ಸಾ! ಸಾ ನಿ ದ ಪ ಮ ಗ ರಿ ಸ. ಸಲೀಸಾಗಿ, ಒಂದು ಸ್ವರವೂ ಜಾರದಂತೆ ಇಳಿದಳು. ಮೇಡಂ ಕಣ್ಣು ಮುಚ್ಚಿಕೊಂಡರು.

“ಇದೇನಮ್ಮಾ, ಮೊದಲೇ ಇಳಿದುಬಿಟ್ರಿ?”

“ಇಳಿಯೋರು ಇಳಿದ್ರೆ ತಾನೇ ಸಾರ್, ಹತ್ತೋರಿಗೆ ಜಾಗ?”

ಬೇಕೆಂದು ಹೇಳಿದ್ದಲ್ಲ. ಬಾಯಿಂದ ಜಾರಿತು. ಪರೀಕ್ಷಕರು ಒಂದು ಗಳಿಗೆ ಅವಳನ್ನು ದಿಟ್ಟಿಸಿದರು. ಹುಬ್ಬು ಮೇಲೇರಿತು.

“ನೀವು... ನಿಲ್ದಾಣದವರಾ? ಬೆಳಿಗ್ಗೆ ಇಳಿದಾಗ ಯಾರೋ ಅಳು ದನಿಯಲ್ಲಿ ಇದನ್ನೇ ಹೇಳ್ತಿದ್ದ!”

ಟಿಕೆಟ್ ಕೌಂಟರಿನವನು! ದೊಡ್ಡಮ್ಮನಿಗೆ ನಗು ಒತ್ತರಿಸಿಕೊಂಡು ಬಂತು. ಮೇಡಂಗೂ ಬಂತು. ಪರೀಕ್ಷಕರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, ಬೇಗ ಗಂಭೀರರಾಗಿ, “ಆಯ್ತು, ಈಗ ಹತ್ತಿ” ಎಂದರು. ಆ ಮಾತಿಗೇ ಅವಳಿಗೆ ಇನ್ನಷ್ಟು ನಗು. ಸಾ ಎಂದಳು, ಅದು ಹಹ್ಹಾ ಆಯಿತು. ನೀರು ಕುಡಿದಳು, ಕೆಮ್ಮಿದಳು. ಮತ್ತೆ ಸಾ, ಮತ್ತೆ ನಗು. ಈಗ ಉಳಿದಿಬ್ಬರೂ ನಗುತ್ತಿರಲಿಲ್ಲ.

“ಅಮ್ಮಾ, ಹೊರಗೆ ಇನ್ನೂ ಹುಡುಗಿಯರು ಕಾಯ್ತಿದಾರೆ” ಎಂದರು ಪರೀಕ್ಷಕರು. “ಆಗದಿದ್ರೆ ಬಿಡಿ. ಮುಂದಿನ ವರ್ಷ ಬರಬಹುದು.”

ಮುಂದಿನ ವರ್ಷ ಎನ್ನುವುದು ಅವಳಿಗೆ ಇಲ್ಲ ಎಂದು ಅವರಿಗೇನು ಗೊತ್ತು? ದೊಡ್ಡಮ್ಮನ ಭುಜ ಇನ್ನೂ ಕುಲುಕುತ್ತಿತ್ತು. ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ನನ್ನನ್ನು ಪಕ್ಕಕ್ಕೆ ತಳ್ಳಿ ಯಾರೋ ಬಾಗಿಲು ತೆರೆದರು. ಅಕ್ಕ. ಹಿಂದೆ ಅವಳ ಗೆಳತಿಯರೆಲ್ಲ.

“ಅಮ್ಮಾ!” ಇಡೀ ಕಾಲೇಜಿಗೆ ಕೇಳುವ ಹಾಗೆ ಕೂಗಿದಳು. ಆ ದನಿ ಅವಳಿಗೆ ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. “ನಕ್ಕಿದ್ದು ಸಾಕು, ಹಾಡೇ! ಮನೇಲಿ ನಮ್ಮ ಕಿವಿ ತೂತು ಮಾಡಿದ್ದೆಲ್ಲ ಯಾಕೆ ಮತ್ತೆ?”

“ಯಾರಮ್ಮಾ ನೀನು?” ಎಂದರು ಪರೀಕ್ಷಕರು.

“ಇವಳ ಮಗಳು ಸಾರ್” ಎಂದಳು ಅಕ್ಕ. ಗೆಳತಿಯರೆಲ್ಲ ಬಾಯಿ ತೆರೆದರು.

ದೊಡ್ಡಮ್ಮ ಮಗಳ ಮುಖವನ್ನೇ ನೋಡುತ್ತಾ ಶುರು ಮಾಡಿದಳು. ಹತ್ತಿದಳು, ಇಳಿದಳು. ಕೈಯೆರಡೂ ಮಡಿಲಲ್ಲೇ ಇದ್ದವು. ಆಮೇಲೆ ಮೇಡಂ ಕಲಿಸಿದ ಪುಟ್ಟ ಹಾಡು, ಬೆಳಕನ್ನು ಮನೆಯೊಳಗೆ ಕರೆಯುವ ಹಾಡು. ಮೂರನೇ ಸಾಲಿನಲ್ಲಿ ಉಸಿರು ಸಾಲದೆ ಒಂದು ಸ್ವರ ಮುರಿಯಿತು. ಅಲ್ಲಿ ನಿಲ್ಲದೆ ಮುಂದೆ ಹೋದಳು. ಬಹಳ ಚೆನ್ನಾಗಿ ಹಾಡಿದಳು ಎಂದು ಬರೆಯಲು ನನಗೆ ಆಸೆ. ಆದರೆ ಸುಮಾರಾಗಿ ಹಾಡಿದಳು. ಪೂರ್ತಿ ಹಾಡಿದಳು.

ಫಲಿತಾಂಶದ ದಿನ ದೊಡ್ಡಮ್ಮ, ಅಕ್ಕ, ನಾನು ಮೂವರೂ ಹೋದೆವು. ಹಲಗೆಯ ಮುಂದೆ ನೂಕುನುಗ್ಗಲು. ಅಕ್ಕ ನುಗ್ಗಿ ನೋಡಿ ಬಂದು, ಅಮ್ಮನನ್ನು ಸೊಂಟ ಹಿಡಿದು ಎತ್ತಲು ನೋಡಿದಳು. ಎತ್ತಲಾಗಲಿಲ್ಲ, ಇಬ್ಬರೂ ಬಿದ್ದರು. ಸಂಗೀತದಲ್ಲಿ ಪಾಸಿಗೆ ಬೇಕಾದ್ದಕ್ಕಿಂತ ತುಸುವೇ ಹೆಚ್ಚು. ಉಳಿದದ್ದರಲ್ಲಿ ಮೊದಲ ದರ್ಜೆ.

ನಗುತ್ತಾ, ಬಟ್ಟೆಯ ಮಣ್ಣು ಕೊಡವಿಕೊಳ್ಳುತ್ತಾ ಹೊರಡುವಷ್ಟರಲ್ಲಿ ಪಾಳಿಯ ಸಮಯ ಮೀರಿಹೋಗಿತ್ತು. ನಿಲ್ದಾಣದ ತಿರುವಿನಲ್ಲೇ ಧ್ವನಿವರ್ಧಕದಲ್ಲಿ ಕಂಟ್ರೋಲರ್ ಸಾಹೇಬರ ಸಣ್ಣ ದನಿ ಕೇಳಿಸಿತು. ಮೈಕಿಗೆ ಬೇರೆ ಯಾರೂ ಸಿಗದೆ ತಾವೇ ಕೂತಿದ್ದರು. “ಪ್ಲಾಟ್‌ಫಾರಂ ಎರಡು... ಅಲ್ಲಲ್ಲ, ಐದು... ತಡೀರಿ...” ಗಾಜಿನ ಹಿಂದಿನಿಂದ ನಮ್ಮನ್ನು ಕಂಡರೋ ಏನೋ, ಬಸ್ಸಿನ ಮಾತು ಅರ್ಧಕ್ಕೇ ನಿಂತಿತು.

“ಏ ಮೈಕಮ್ಮಾ! ಪಾಸೋ ಫೇಲೋ? ಮೊದ್ಲು ಅದು ಹೇಳು!”

ಇಡೀ ನಿಲ್ದಾಣ ತಲೆ ಎತ್ತಿತು. ದೊಡ್ಡಮ್ಮ ಎರಡೂ ಕೈ ಎತ್ತಿ ಕುಣಿಸಿ, ಮಹಡಿಯ ಮೆಟ್ಟಿಲು ಹತ್ತತೊಡಗಿದಳು. ಮೇಲಿನಿಂದ, “ಅಯ್ಯೋ ದೇವರೇ, ಹಾಗಾದ್ರೆ ಮುಂದಿನ ವರ್ಷಾನೂ ಬೆಳಿಗ್ಗೆ ಆ ಅಳುಬುರುಕನೇನಾ?” ಎಂಬ ನಿಟ್ಟುಸಿರು ಎಲ್ಲ ಪ್ಲಾಟ್‌ಫಾರಂಗಳಿಗೂ ತಲುಪಿತು.

ಪೆಟ್ಟಿಗೆಯ ಮೇಲೆ ಕೂತಿದ್ದ ಒಬ್ಬರು ಪ್ರಯಾಣಿಕರು ನಮ್ಮತ್ತ ತಿರುಗಿದರು. “ಯಾರಮ್ಮಾ ಪಾಸಾಗಿದ್ದು?”

“ನಮ್ಮಮ್ಮ” ಎಂದಳು ಅಕ್ಕ.

“ಓಹೋ, ಒಳ್ಳೇದಾಯ್ತು. ಅದ್ಸರಿ, ನಮ್ಮ ಐದನೇ ಪ್ಲಾಟ್‌ಫಾರಂ ಬಸ್ಸು?”

“ಅದು ಈಗ ಹೋಯ್ತಲ್ಲಾ ಅಂಕಲ್! ಇರ್ಲಿ ಬಿಡಿ, ಮುಂದಿಂದನ್ನ ನಮ್ಮಮ್ಮ ಹೇಳ್ತಾಳೆ. ಕೇಳಿಸ್ಕೊಳ್ಳಿ.”