ಕಮಾನಿನ ಕೆಳಗೆ ಉಳಿದ ಗೇಣು ಜಾಗ

"ಸರ್, ಲಗೂ ಹಿಡೀರಿ, ಆರಿದ್ರ ಮುರೀತೈತಿ!" ಎಂದು ನೀಲವ್ವ ಕೂಗಿದಳು. ಹಬೆಯಲ್ಲಿ ಮೆತ್ತಗಾದ ಕಟ್ಟಿಗೆ ಪಟ್ಟಿಯ ಇನ್ನೊಂದು ತುದಿಯನ್ನು ಓಡಿಹೋಗಿ ಹಿಡಿದೆ. ಹಾವೇರಿಯ ನಮ್ಮ ಶಾಲೆಯಲ್ಲಿ ನಾನು ಬಡಗಿ ಕೆಲಸ ಕಲಿಸುತ್ತಿದ್ದೆ. ಉಳಿದ ಮಕ್ಕಳೆಲ್ಲ ಬುಟ್ಟಿಯ ಹಿಡಿಕೆ ಬಗ್ಗಿಸುತ್ತಿದ್ದರೆ, ಕರ್ಜಗಿಯಿಂದ ಬರುವ ಈ ಒಂಬತ್ತನೇ ಕ್ಲಾಸಿನ ಹುಡುಗಿಯದು ಆಳೆತ್ತರದ ಪಟ್ಟಿ. ಅವಳು ಹಲಗೆಗೆ ಹೊಡೆದಿದ್ದ ಮೊಳೆಗಳ ಗುಂಟ ಅದನ್ನು ಬಗ್ಗಿಸಿ ಬಿಗಿದ ಮೇಲೆ ಕೇಳಿದೆ, "ಇಷ್ಟು ದೊಡ್ಡ ಕಮಾನು ಯಾಕವ್ವಾ? ಚಕ್ಕಡಿಗೇನು?"

"ಅಲ್ರಿ ಸರ್, ಅಪ್ಪನ ವಿಮಾನಕ್ಕ. ಉಳಿಯಂಗಿಲ್ಲ ಅಂತ ಡಾಕ್ಟರ್ ಮನೀಗೆ ಕಳಿಸ್ಯಾರ. ಕುಂದ್ರಿಸಿದಾಗ ತಲಿ ತಾಗಬಾರದು."

ನಮ್ಮಲ್ಲಿ ಸತ್ತವರನ್ನು ವಿಮಾನದಲ್ಲಿ, ಅಂದರೆ ಕಮಾನು ಕಟ್ಟಿದ ಚಟ್ಟದಲ್ಲಿ, ಕೂರಿಸಿಯೇ ಮಣ್ಣಿಗೆ ಒಯ್ಯುತ್ತಾರೆ. ಆದರೆ ಉಸಿರಾಡುತ್ತಿರುವವರಿಗೆ ಅದನ್ನು ಮಾಡುವುದೇ? ಬೈಯಲು ಹೋದವನು ಕಮಾನಿನ ತುದಿಗೆ ಇನ್ನೊಂದು ಸುತ್ತು ಹಗ್ಗ ಬಿಗಿದೆ.

ಮುಂದಿನ ವಾರ ಅವಳ ಅಪ್ಪನ ಮಣ್ಣಿಗೆಂದು ಕರ್ಜಗಿಗೆ ಹೋದೆ. ಆ ಕಮಾನಿನ ಕೆಳಗೇ ಅವನನ್ನು ಕೂರಿಸಿದ್ದರು. ಅಪ್ಪ ನೆಟ್ಟಗೆ ಕೂರುತ್ತಿದ್ದ ದಿನಗಳ ಅಳತೆಗೆ ಮಗಳು ಅದನ್ನು ಬಗ್ಗಿಸಿದ್ದಳು. ಜಡ್ಡು ಅವನನ್ನು ಕುಗ್ಗಿಸಿತ್ತು. ತಲೆಯ ಮೇಲೆ ಗೇಣು ಜಾಗ ಖಾಲಿ ಉಳಿದಿತ್ತು. ನೀಲವ್ವ ಅದನ್ನೇ ನೋಡುತ್ತ ನಿಂತಿದ್ದಳು.

ಕಮಾನು ಬಗ್ಗಿಸಿದ ಆ ಹಲಗೆ ಇನ್ನೂ ತರಗತಿಯ ಮೂಲೆಯಲ್ಲಿದೆ. ಅವಳು ಹೊಡೆದ ಮೊಳೆಗಳನ್ನು ಕೀಳಲು ನನಗೆ ಕೈ ಏಳುವುದಿಲ್ಲ.